ಗಿನಿಪಿಗ್‌ಗೆ ರಾತ್ರಿ ದೀಪ ಬೇಕಾ? ನಮ್ಮ ಮನೆಯ ಎಳ್ಳು-ಬೆಲ್ಲ ಕಲಿಸಿದ್ದು

ಗಿನಿಪಿಗ್ ತಂದುಕೊಂಡ ಹೊಸದರಲ್ಲಿ ಎಲ್ಲರೂ ಕೇಳುವುದು ಇದನ್ನೇ. ‘ರಾತ್ರಿ ಲೈಟ್ ಹಾಕಿಡಬೇಕಾ? ಕತ್ತಲಲ್ಲಿ ಹೆದರ್ಕೊಳ್ಳಲ್ವಾ?’ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೇಡ. ಅವಕ್ಕೆ ಕತ್ತಲೆ ಬೇಕು. ಆದರೆ ಆ ಕತ್ತಲೆ ದಿನಾ ಒಂದೇ ಹೊತ್ತಿಗೆ ಬರಬೇಕು, ಬರುವುದೂ ಹೋಗುವುದೂ ನಿಧಾನಕ್ಕೆ ಆಗಬೇಕು. ಇಷ್ಟು ಕಲಿಯಲು ನನಗೆ ಎಂಟು ತಿಂಗಳು ಹಿಡಿಯಿತು.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಎರಡು ಹೆಣ್ಣು ಗಿನಿಪಿಗ್ ಇವೆ. ಸಂಕ್ರಾಂತಿಯ ಮಾರನೇ ದಿನ ತಂದಿದ್ದಕ್ಕೆ ಎಳ್ಳು, ಬೆಲ್ಲ ಅಂತ ಹೆಸರಿಟ್ಟೆವು. ಬೆಲ್ಲ ಕಂದು ಬಣ್ಣದ ದಪ್ಪಗಿತ್ತಿ. ಎಳ್ಳು ಪೂರಾ ಬಿಳಿ, ಕೆಂಪು ಕಣ್ಣು. ನಾನು ಕೆಲಸ ಮಾಡುವುದು ಅಮೆರಿಕದ ಹೊತ್ತಿಗೆ, ಸಂಜೆ ಆರೂವರೆಯಿಂದ ಬೆಳಗಿನ ಜಾವ ಮೂರೂವರೆವರೆಗೆ, ಮನೆಯಿಂದಲೇ. ನನ್ನ ಮೇಜು, ಅವುಗಳ ಪಂಜರ ಎರಡೂ ಒಂದೇ ರೂಮಿನಲ್ಲಿ. ತಪ್ಪು ಶುರುವಾಗಿದ್ದೇ ಅಲ್ಲಿ.

ಮೂರೂವರೆವರೆಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮಲಗಲು ಹೋಗುವಾಗ ಪಟ್ ಅಂತ ಆರಿಸುತ್ತಿದ್ದೆ. ಐದೂವರೆಗೆ ಅಮ್ಮ ಎದ್ದಾಗ ಮತ್ತೆ ಅದೇ ಟ್ಯೂಬ್‌ಲೈಟ್. ಅಂದರೆ ಅವಕ್ಕೆ ಸಿಗುತ್ತಿದ್ದ ರಾತ್ರಿ ಬರೀ ಎರಡು ಗಂಟೆ. ಎಳ್ಳು ಇಡೀ ದಿನ ರಟ್ಟಿನ ಡಬ್ಬದೊಳಗೇ ಕೂತಿರುತ್ತಿದ್ದಳು. ಹುಲ್ಲು ತಿನ್ನುವುದಕ್ಕೂ ಮೂತಿ ಮಾತ್ರ ಹೊರಗೆ. ‘ಇವಳು ಸ್ವಲ್ಪ ನಾಚಿಕೆ ಸ್ವಭಾವ’ ಅಂದುಕೊಂಡು ಸುಮ್ನಿದ್ದೆ.

ರಜೆಯ ದಿನವೊಂದರಲ್ಲಿ ರಾತ್ರಿ ಬೇಗ ಮಲಗಿದ್ದೆ. ಎರಡು ಗಂಟೆಗೆ ಎಚ್ಚರವಾಗಿ, ಮೇಜಿನ ಮೇಲಿದ್ದ ಚಾರ್ಜರ್ ತೆಗೆದುಕೊಳ್ಳಲು ಆ ರೂಮಿಗೆ ಬಂದು ನೇರ ಸ್ವಿಚ್ ಒತ್ತಿದೆ. ಎಳ್ಳು ಪಂಜರದ ನಟ್ಟನಡುವೆ ಹಿಂಗಾಲು ಚಾಚಿಕೊಂಡು ಮಲಗಿದ್ದಳು. ಹಾಗೆ ಮಲಗಿದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಬೆಳಕು ಬಿದ್ದದ್ದೇ ತಡ, ಎದ್ದು ಓಡಿ ಮೂಲೆಯ ಕಂಬಿಗೆ ಮುಖ ಗುದ್ದಿದಳು. ಕೆಳತುಟಿ ಒಡೆದು ರಕ್ತ. ಬೆಲ್ಲ ಇದ್ದಲ್ಲೇ ಕಲ್ಲಾಗಿದ್ದಳು, ಮೀಸೆ ಕೂಡ ಅಲ್ಲಾಡುತ್ತಿರಲಿಲ್ಲ. ಹೆದರಿದ ಗಿನಿಪಿಗ್ ಮಾಡುವುದು ಇವೆರಡರಲ್ಲಿ ಒಂದು. ಓಡುತ್ತದೆ, ಇಲ್ಲವೇ ಮರಗಟ್ಟುತ್ತದೆ. ತುಟಿ ನಾಲ್ಕು ದಿನಕ್ಕೆ ವಾಸಿಯಾಯಿತು.

ಅಮ್ಮ ಇದಕ್ಕೆ ಬೇರೆಯೇ ಕಾರಣ ಹುಡುಕಿದರು.

‘ಗವ್ ಅನ್ನೋ ಕತ್ತಲು ಕಣೋ, ಹೆದರದೆ ಏನು ಮಾಡ್ತಾವೆ? ಒಂದು ಜೀರೋ ಬಲ್ಬಾದ್ರೂ ಹಾಕಬಾರ್ದಾ?’

‘ಕತ್ತಲೆಗಲ್ಲಮ್ಮ ಅವಳು ಹೆದರಿದ್ದು, ಲೈಟಿಗೆ.’

‘ಹತ್ತು ವರ್ಷದವನಾಗೋವರೆಗೂ ನಡುಮನೆ ದೀಪ ಆರಿಸೋಕೆ ಬಿಡ್ತಿರಲಿಲ್ಲ ನೀನು. ಈಗ ಅವಕ್ಕೆ ಪಾಠ ಹೇಳ್ತೀಯ.’

ಬಲ್ಬು ಬಂತು. ಅದರ ಕಥೆ ಆಮೇಲೆ ಹೇಳುತ್ತೇನೆ.

ಕತ್ತಲೆ ಅವಕ್ಕೆ ಯಾಕೆ ಒಗ್ಗುತ್ತದೆ

ಗಿನಿಪಿಗ್ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲು. ಪೆರು, ಬೊಲಿವಿಯಾ ಕಡೆ ಸಾವಿರಾರು ವರ್ಷಗಳಿಂದ ಮನೆಗಳಲ್ಲಿ ಸಾಕುತ್ತಾ ಬಂದಿದ್ದಾರೆ. ಅಲ್ಲಿ ಇದನ್ನು ಕುಯ್ ಅನ್ನುತ್ತಾರೆ. ಇದರ ಕಾಡಿನ ನೆಂಟರು ಹುಲ್ಲಿನ ಮರೆಯಲ್ಲಿ ಬದುಕುವ ಪ್ರಾಣಿಗಳು. ಹದ್ದಿಗೂ ಊಟ, ನರಿಗೂ ಊಟ. ಅದಕ್ಕೇ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಇವು ಹೆಚ್ಚು ಚುರುಕು. ಬಯಲು, ಬೆಳಕು, ಅಡಗಲು ಜಾಗವಿಲ್ಲ, ಈ ಮೂರೂ ಸೇರಿದರೆ ಅವುಗಳ ಲೆಕ್ಕದಲ್ಲಿ ಸಾವು.

ಇವು ನಮ್ಮ ಹಾಗೆ ಒಂದೇ ಸಲಕ್ಕೆ ಎಂಟು ಗಂಟೆ ನಿದ್ದೆ ಮಾಡುವುದಿಲ್ಲ. ಕೆಲವು ನಿಮಿಷ ತೂಕಡಿಕೆ, ಎದ್ದು ನಾಲ್ಕು ಎಳೆ ಹುಲ್ಲು, ಮತ್ತೆ ತೂಕಡಿಕೆ. ಹಗಲೂ ಹೀಗೇ, ರಾತ್ರಿಯೂ ಹೀಗೇ. ಅದೂ ಎಷ್ಟೋ ಸಲ ಕಣ್ಣು ಬಿಟ್ಟುಕೊಂಡೇ. ಹಾಗಾಗಿ ‘ನಮ್ಮದು ನಿದ್ದೇನೇ ಮಾಡಲ್ಲ’ ಅಂತ ಗಾಬರಿಯಾಗಬೇಡಿ. ಕಾಲು ಚಾಚಿ ಪಕ್ಕಕ್ಕೆ ಒರಗಿ ಮಲಗಿದ್ದರೆ ನಿಮ್ಮ ಮನೆ ಅವಕ್ಕೆ ಒಗ್ಗಿದೆ ಅಂತ ಅರ್ಥ. ಎಳ್ಳು ಹಾಗೆ ಮಲಗುತ್ತಿದ್ದದ್ದು ಕತ್ತಲಲ್ಲಿ ಮಾತ್ರ ಅನ್ನುವುದು ನನಗೆ ಗೊತ್ತಾಗಿದ್ದು ಆ ರಾತ್ರಿ ಎರಡು ಗಂಟೆಗೆ.

ಕತ್ತಲಲ್ಲಿ ಹುಲ್ಲು, ನೀರು ಹೇಗೆ ಸಿಗುತ್ತದೆ? ಮೀಸೆ, ಮೂಗು, ನೆನಪು. ನೀರಿನ ಬಾಟಲಿ ಎಲ್ಲಿ, ಡಬ್ಬದ ಬಾಗಿಲು ಎಲ್ಲಿ ಅನ್ನುವುದು ಅವಕ್ಕೆ ಬಾಯಿಪಾಠ. ಆದ್ದರಿಂದ ಸಂಜೆಯ ಮೇಲೆ ಪಂಜರದ ಸಾಮಾನು ಅದಲು ಬದಲು ಮಾಡಬೇಡಿ. ಸ್ವಚ್ಛ ಮಾಡುವುದು, ಡಬ್ಬ ಬದಲಿಸುವುದು ಎಲ್ಲ ಹಗಲಿನಲ್ಲೇ ಮುಗಿಸಿ.

ಕೆಂಪು ಕಣ್ಣಿನ ಬಿಳಿ ಗಿನಿಪಿಗ್ ಇದ್ದರೆ ಇನ್ನೂ ಜೋಪಾನ. ಆ ಕಣ್ಣಿನಲ್ಲಿ ಬೆಳಕು ತಡೆಯುವ ಬಣ್ಣವೇ ಇರುವುದಿಲ್ಲ. ನಮಗೆ ಸಾಧಾರಣ ಅನ್ನಿಸುವ ಟ್ಯೂಬ್‌ಲೈಟ್ ಅದಕ್ಕೆ ಚುಚ್ಚುತ್ತದೆ.

ನಾನು ಈಗ ಏನು ಮಾಡುತ್ತೇನೆ

ಮೊದಲು ಜಾಗ ಬದಲಿಸಿದೆ. ಪಂಜರ ಕಿಟಕಿಯ ಪಕ್ಕ ಇತ್ತು, ಎದುರಿಗೇ ಬೀದಿದೀಪ. ಹಳದಿ ದೀಪ ಹೋಗಿ ಬಿಳಿ ಎಲ್‌ಇಡಿ ಬಂದ ಮೇಲೆ ರೂಮಿನೊಳಗೆ ಪೇಪರ್ ಓದುವಷ್ಟು ಬೆಳಕು. ಪಂಜರವನ್ನು ಒಳಗೋಡೆಗೆ ಸರಿಸಿದೆ. ಎರಡು ಕಡೆ ಗೋಡೆ, ಎರಡು ಕಡೆ ತೆರೆದಿದೆ. ನಿಮ್ಮ ಪಂಜರದ ಜಾಗ ಪರೀಕ್ಷೆ ಮಾಡಬೇಕಾದರೆ ರಾತ್ರಿ ಎಲ್ಲ ಲೈಟ್ ಆರಿಸಿ, ಅದರ ಪಕ್ಕ ನೆಲದ ಮೇಲೆ ಕೂತು ಹತ್ತು ನಿಮಿಷ ನೋಡಿ. ಪಂಜರದ ಎತ್ತರಕ್ಕೆ ಕಣ್ಣು ಇರಬೇಕು. ನಿಂತು ನೋಡಿದರೆ ಕಾಣದ ವೈಫೈ ಪೆಟ್ಟಿಗೆಯ ಮಿಣುಕು, ಇನ್ವರ್ಟರ್‌ನ ಹಸಿರು ದೀಪ, ಬಾಗಿಲ ಸಂದಿಯ ಬೆಳಕು ಎಲ್ಲ ಆಗ ಕಾಣುತ್ತವೆ. ನಾನು ವೈಫೈ ದೀಪದ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದೆ.

ಆಮೇಲೆ ಹೊದಿಕೆ. ನನ್ನ ಮೇಜಿನ ದೀಪ ಆರಿಸುವ ಹಾಗಿಲ್ಲವಲ್ಲ, ಅದಕ್ಕೆ ಅಮ್ಮನ ಹಳೇ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಮೇಜಿನ ಕಡೆಯ ಮಗ್ಗುಲಿಗೂ ಪಂಜರದ ಅರ್ಧ ಮೇಲ್ಭಾಗಕ್ಕೂ ಬರುವಂತೆ ಇಳಿಬಿಡುತ್ತೇನೆ. ಬಟ್ಟೆಯ ಅಂಚು ಪಂಜರದ ಒಳಗೆ ಹೋಗಬಾರದು, ಹೋದರೆ ಬೆಳಗ್ಗೆ ತೂತು. ಇಡೀ ಪಂಜರ ಮುಚ್ಚಬೇಡಿ. ಕಂಬಳಿ ಅಂತೂ ಬೇಡವೇ ಬೇಡ. ಗಾಳಿಯಾಡದಿದ್ದರೆ ಒಳಗೆ ಸೆಕೆ ಕಟ್ಟುತ್ತದೆ, ಉಚ್ಚೆಯ ಘಾಟು ಅಲ್ಲೇ ನಿಲ್ಲುತ್ತದೆ. ಶ್ವಾಸದ ಕಾಯಿಲೆಗೆ ಅಷ್ಟು ಸಾಕು. ಒಂದು ಮಗ್ಗುಲು ಪೂರ್ತಿ ತೆರೆದೇ ಇರಲಿ.

ಒಳಗೆ ಒಂದೊಂದಕ್ಕೆ ಒಂದೊಂದು ಡಬ್ಬ ಕೊಡಿ. ಮಿಕ್ಸಿ ಬಂದ ರಟ್ಟಿನ ಡಬ್ಬವೇ ಸಾಕು. ಪ್ರತಿ ಡಬ್ಬಕ್ಕೂ ಎರಡು ಬಾಗಿಲು ಕೊರೆಯಬೇಕು. ಒಂದೇ ಬಾಗಿಲಿದ್ದರೆ ಬೆಲ್ಲ ಅಡ್ಡ ಕೂತು ಎಳ್ಳುವನ್ನು ಹೊರಗೆ ಬಿಡುವುದೇ ಇಲ್ಲ. ಡಬ್ಬವಿದ್ದರೆ ರೂಮಿನಲ್ಲಿ ಎಷ್ಟೇ ಬೆಳಕಿದ್ದರೂ ಕತ್ತಲೆ ಬೇಕಾದಾಗ ಅವೇ ಹುಡುಕಿಕೊಳ್ಳುತ್ತವೆ. ಈ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಇನ್ನು ಹೊತ್ತು. ಮೈಸೂರಿನಲ್ಲಿ ಡಿಸೆಂಬರ್‌ಗೂ ಜೂನ್‌ಗೂ ಹಗಲಿನ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ. ಹತ್ತಿರ ಹತ್ತಿರ 12 ಗಂಟೆ ಹಗಲು, 12 ಗಂಟೆ ರಾತ್ರಿ. ಟೈಮರ್, ವಿಶೇಷ ಬಲ್ಬು ಏನೂ ಬೇಕಿಲ್ಲ, ಹೊರಗಿನ ಸೂರ್ಯನೇ ಸಾಕು. ಸಂಜೆ ಆರೂಕಾಲಿಗೆ ಗರಿಕೆ, ಒಂದು ತುಂಡು ದಪ್ಪಮೆಣಸಿನಕಾಯಿ ಕೊಡುತ್ತೇನೆ. ಆಗ ಟ್ಯೂಬ್‌ಲೈಟ್ ಹಾಕುವುದಿಲ್ಲ, ಹೊರಗಿನ ಬೆಳಕು ತಾನಾಗಿ ಕುಂದಲಿ ಅಂತ ಬಿಡುತ್ತೇನೆ. ಎರಡೂ ಪಂಜರದ ಉದ್ದಕ್ಕೂ ಓಡಿ, ಗಾಳಿಯಲ್ಲಿ ಪುಟಿದು ಕುಣಿಯುವುದು ಈ ಅರ್ಧ ಗಂಟೆಯಲ್ಲೇ. ಅಷ್ಟು ದಿನ ಈ ಕುಣಿತವನ್ನು ನನ್ನ ಟ್ಯೂಬ್‌ಲೈಟ್ ತಿಂದು ಹಾಕಿತ್ತು. ಆಮೇಲೆ ಸೀರೆ ಇಳಿಸಿ, ಹಳದಿ ಬೆಳಕಿನ ಮೇಜುದೀಪ ಹಾಕುತ್ತೇನೆ. ಅದರ ಮುಖ ಗೋಡೆ ಕಡೆಗೆ. ಮಲಗುವ ಮುಂಚೆ ಪಂಜರದ ತುಂಬ ಒಣಹುಲ್ಲು. ರಾತ್ರಿ ಅವಕ್ಕೆ ದೀಪಕ್ಕಿಂತ ಹುಲ್ಲು ಮುಖ್ಯ. ಹಲ್ಲು ಬೆಳೆಯುತ್ತಲೇ ಇರುತ್ತದೆ, ಹೊಟ್ಟೆ ನಡೆಯುತ್ತಲೇ ಇರಬೇಕು.

ರಾತ್ರಿ ರೂಮಿಗೆ ಹೋಗಬೇಕಾಗಿ ಬಂದರೆ ಮೊದಲು ದನಿ, ಆಮೇಲೆ ದೀಪ. ಬಾಗಿಲಲ್ಲೇ ನಿಂತು ‘ಎಳ್ಳೂ, ಬೆಲ್ಲಾ’ ಅನ್ನುತ್ತೇನೆ. ಒಳಗಿಂದ ಸರಬರ ಸದ್ದು ಬರುತ್ತದೆ. ಆಮೇಲೆ ಪಕ್ಕದ ರೂಮಿನ ಲೈಟ್ ಹಾಕಿ ಬಾಗಿಲು ಸ್ವಲ್ಪ ಸರಿಸುತ್ತೇನೆ. ಕರೆಂಟ್ ಹೋದಾಗ ಮೊಬೈಲ್ ಟಾರ್ಚನ್ನು ನೇರ ಪಂಜರಕ್ಕೆ ಬಿಡುವ ಅಭ್ಯಾಸ ಎಲ್ಲರಿಗೂ ಇದೆ. ಅದನ್ನು ಮಾಡಬೇಡಿ, ಟಾರ್ಚ್ ಸೂರಿಗೆ ಹಿಡಿಯಿರಿ.

ಕೆಂಪು ದೀಪದ ಬಗ್ಗೆ ಒಂದು ಮಾತು. ಗಿನಿಪಿಗ್ ಕಣ್ಣಿಗೆ ನೀಲಿ, ಹಸಿರು ಚೆನ್ನಾಗಿ ಕಾಣುತ್ತವೆ, ಕೆಂಪು ಮಂಕಾಗಿ ಕಾಣುತ್ತದೆ. ಅದಕ್ಕೇ ರಾತ್ರಿ ನೋಡಲೇಬೇಕಾದಾಗ ಟಾರ್ಚ್‌ಗೆ ಕೆಂಪು ಬಣ್ಣದ ಕಾಗದ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ. ಹಾಗಂತ ಕೆಂಪು ಅವಕ್ಕೆ ಕಾಣುವುದೇ ಇಲ್ಲ ಅಂದುಕೊಂಡು ರಾತ್ರಿಯಿಡೀ ಹಾಕಿಡಬೇಡಿ.

ಈಗ ಅಮ್ಮನ ಜೀರೋ ಬಲ್ಬು. ಹೆಸರಿಗೆ ಜೀರೋ. ಹಳೇ ತಂತಿಯ ಬಲ್ಬು ನಿಜಕ್ಕೂ ತಿನ್ನುವುದು 15 ವ್ಯಾಟ್‌ವರೆಗೆ, ಮುಟ್ಟಿದರೆ ಬಿಸಿ. ಅದನ್ನು ಪಂಜರದ ನೇರ ಮೇಲೆ ಗೋಡೆಗೆ ಹಾಕಿದ್ದೆವು. ಜೂನ್ ಮೊದಲ ಮಳೆ ಬಂತು. ರೆಕ್ಕೆಹುಳು ಬಲ್ಬಿಗೆ ಮುತ್ತಿದವು. ಹುಳು ತಿನ್ನಲು ಎರಡು ಹಲ್ಲಿ ಬಂದವು. ಅವೆರಡೂ ಜಗಳವಾಡಿ ಒಂದು ಹಲ್ಲಿ ಪಂಜರದೊಳಗೆ ಬಿತ್ತು, ಬೆಲ್ಲಳ ಬೆನ್ನ ಮೇಲೆ. ಆ ರಾತ್ರಿ ಎಬ್ಬಿಸಿದ ಗಲಾಟೆಗೆ ಪಕ್ಕದ ಮನೆಯವರೂ ಎದ್ದರು. ಹಲ್ಲಿ ಬಿದ್ದರೆ ಏನು ಫಲ ಅಂತ ಅಮ್ಮ ಪಂಚಾಂಗ ತೆಗೆದರು. ಗಿನಿಪಿಗ್ ಬೆನ್ನ ಮೇಲೆ ಬಿದ್ದರೆ ಏನು ಅಂತ ಅದರಲ್ಲಿ ಇರಲಿಲ್ಲ. ಬೆಳಗ್ಗೆ ಅವರೇ ಬಲ್ಬು ಬಿಚ್ಚಿದರು.

ಮನೆಯಲ್ಲಿ ಓಡಾಡುವವರಿಗೆ ದೀಪ ಬೇಕೇ ಬೇಕು ಅಂದರೆ ಅರ್ಧ ವ್ಯಾಟ್‌ನ ಹಳದಿ ಎಲ್‌ಇಡಿ ಸಾಕು. ಅದು ಪಂಜರದಿಂದ ದೂರ, ಹಾಲ್‌ನಲ್ಲೋ ಪ್ಯಾಸೇಜ್‌ನಲ್ಲೋ ಇರಲಿ. ಯಾವ ವೈರೂ ಅವುಗಳ ಬಾಯಿಗೆ ಎಟುಕಬಾರದು, ಕಡಿಯದೆ ಬಿಡುವುದಿಲ್ಲ.

ಹಗಲೂ ಲೆಕ್ಕಕ್ಕಿದೆ

ಕತ್ತಲೆ ಇಷ್ಟ ಅಂತ ಸ್ಟೋರ್ ರೂಮಿನಲ್ಲೋ ಮೆಟ್ಟಿಲ ಕೆಳಗೋ ಇಡಬೇಡಿ. ಹಗಲು ಹಗಲಾಗಿದ್ದರೇ ರಾತ್ರಿ ರಾತ್ರಿಯಾಗುವುದು. ಬೆಳಕು ಬರುವ ರೂಮಾಗಿರಲಿ, ಆದರೆ ಪಂಜರದ ಮೇಲೆ ನೇರ ಬಿಸಿಲು ಬೀಳಬಾರದು. ಇವಕ್ಕೆ ಹಿತ ಅನ್ನಿಸುವುದು 18ರಿಂದ 24 ಡಿಗ್ರಿ. ಏಪ್ರಿಲ್‌ನಲ್ಲಿ ಪಡುವಣ ಕಿಟಕಿಯ ಬಿಸಿಲು ಬಿದ್ದರೆ ಜೀವಕ್ಕೇ ಕುತ್ತು. ‘ಬಿಸಿಲಲ್ಲಿ ಬಿಟ್ಟರೆ ವಿಟಮಿನ್ ಸಿ ಬರುತ್ತೆ’ ಅಂತ ಒಬ್ಬರು ನನಗೆ ಹೇಳಿದ್ದರು. ಬಿಸಿಲಿಗೂ ವಿಟಮಿನ್ ಸಿಗೂ ಸಂಬಂಧವಿಲ್ಲ. ನಮ್ಮ ಹಾಗೆಯೇ ಇವು ಅದನ್ನು ಮೈಯಲ್ಲಿ ತಯಾರಿಸಿಕೊಳ್ಳಲಾರವು. ತಿಂದೇ ಬರಬೇಕು, ಅದಕ್ಕೇ ದಪ್ಪಮೆಣಸಿನಕಾಯಿ.

ಹಬ್ಬದ ರಾತ್ರಿಗಳು

ದಸರಾದಲ್ಲಿ ನಮ್ಮೂರ ರಸ್ತೆಗಳಿಗೆಲ್ಲ ದೀಪಾಲಂಕಾರ. ಬಣ್ಣ ಬದಲಿಸುವ ಸರಮಾಲೆ ಕಿಟಕಿಯಲ್ಲೇ ಮಿನುಗುತ್ತದೆ. ಆ ಹತ್ತು ದಿನ ಕಿಟಕಿಗೆ ದಪ್ಪ ಪರದೆ ಹಾಕಿ, ಅದರ ಹಿಂದೆ ಹಳೇ ಬೆಡ್‌ಶೀಟನ್ನೂ ಸಿಕ್ಕಿಸುತ್ತೇನೆ.

ದೀಪಾವಳಿಗೆ ಮಾತ್ರ ನನ್ನ ನಿಯಮ ತಿರುವುಮುರುವು. ಗಾಢ ಕತ್ತಲಲ್ಲಿ ಪಟಾಕಿಯ ಬೆಳಕು ಫಳ್ ಅಂದರೆ ಜಾಸ್ತಿ ಬೆಚ್ಚುತ್ತವೆ. ಆದ್ದರಿಂದ ಆ ಮೂರು ರಾತ್ರಿ ರೂಮಿನಲ್ಲಿ ಒಂದೇ ಸಮನಾದ ಮಂದ ಹಳದಿ ದೀಪ ಉರಿಸಿ, ಫ್ಯಾನ್ ಹಾಕಿ, ಡಬ್ಬಗಳಿಗೆ ಒಂದೊಂದು ಹಿಡಿ ಹೆಚ್ಚು ಹುಲ್ಲು ತುರುಕುತ್ತೇನೆ. ಫ್ಯಾನ್ ಗಾಳಿ ನೇರ ತಾಗಬಾರದು, ಸದ್ದಷ್ಟೇ ಬೇಕು. ಹೋದ ಸಲ ಬೆಲ್ಲ ಪೂರ್ತಿ ಹೊತ್ತು ಅಗಿಯುತ್ತಲೇ ಇದ್ದಳು. ಎಳ್ಳು ಒಳಗೇ ಇದ್ದಳು, ಆದರೆ ಓಡಿ ಗುದ್ದಿಕೊಳ್ಳಲಿಲ್ಲ.

ರಾತ್ರಿ ಗಲಾಟೆಯಾದರೆ ಕತ್ತಲೆಯನ್ನು ಬೈಯುವ ಮುಂಚೆ ಸುತ್ತ ನೋಡಿ. ನಮ್ಮಲ್ಲಿ ಒಮ್ಮೆ ಕಿಟಕಿಯಲ್ಲಿ ಬೆಕ್ಕು ಕೂತಿತ್ತು, ಇನ್ನೊಮ್ಮೆ ಹುಲ್ಲಿನ ಚೀಲಕ್ಕೆ ಇಲಿ ಬಂದಿತ್ತು. ಪಂಜರದ ಮೇಲ್ಭಾಗಕ್ಕೆ ಜಾಲರಿ ಇರಲೇಬೇಕು. ಅಪರೂಪಕ್ಕೆ ಗಿನಿಪಿಗ್ ರಾತ್ರಿ ಹೊತ್ತು ಥೇಟ್ ಹಕ್ಕಿಯ ಹಾಗೆ ಚಿಲಿಪಿಲಿ ಅನ್ನುತ್ತದೆ. ಯಾಕೆ ಅಂತ ಬಲ್ಲವರೂ ಒಂದೇ ಮಾತು ಹೇಳುವುದಿಲ್ಲ. ಬೆಲ್ಲ ಎರಡು ಸಲ ಹಾಗೆ ಹಾಡಿದ್ದಾಳೆ. ನಾನು ಮೊದಲ ಸಲ ಗುಬ್ಬಿ ಒಳಗೆ ಬಂದಿದೆ ಅಂತ ಹುಡುಕಿದ್ದೆ.

ಇಷ್ಟೆಲ್ಲ ಹೇಳಿದರೂ ಒಂದು ಸಂದರ್ಭದಲ್ಲಿ ಎಲ್ಲ ಲೈಟ್ ಹಾಕಿಬಿಡಿ. ಮೂರೂವರೆಗೆ ಕೆಲಸ ಮುಗಿಸಿ ನಾನು ನೋಡುವುದು ಮೂರು: ಹುಲ್ಲು ಕಡಿಮೆಯಾಗಿದೆಯಾ, ಹೊಸ ಹಿಕ್ಕೆ ಬಿದ್ದಿದೆಯಾ, ಕರೆದರೆ ಮೂತಿ ಎತ್ತುತ್ತವಾ. ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಹೆದರಿಕೆ ಗಿದರಿಕೆ ನೋಡಬೇಡಿ. ಟ್ಯೂಬ್‌ಲೈಟ್ ಹಾಕಿ, ಎತ್ತಿ ನೋಡಿ, ಡಾಕ್ಟರಿಗೆ ಫೋನ್ ಮಾಡಿ. ಗಿನಿಪಿಗ್ ಅರ್ಧ ದಿನ ತಿನ್ನದೆ ಇದ್ದರೆ ಅದು ತುರ್ತು, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಈಗ ಐದೂವರೆಗೆ ಅಮ್ಮ ಆ ರೂಮಿನ ಲೈಟ್ ಹಾಕುವುದಿಲ್ಲ. ಕತ್ತಲಲ್ಲೇ ತಡಕಾಡಿಕೊಂಡು ದಾಟುತ್ತಾರೆ. ವಾರಕ್ಕೊಮ್ಮೆ ನನ್ನ ಕುರ್ಚಿಗೆ ಕಾಲು ಎಡವಿ, ಪಿಸುದನಿಯಲ್ಲಿ ನನ್ನನ್ನು ಬೈಯುತ್ತಾರೆ. ಪಿಸುದನಿ ಯಾಕೆ ಅಂದರೆ, ಎಳ್ಳು ಹೊರಗೆ ಕಾಲು ಚಾಚಿ ಮಲಗಿರುತ್ತಾಳಂತೆ.