ಕ್ಯಾಶುವಾಲ್ಟಿ ರಿಜಿಸ್ಟರ್ ನೋಡಿ ಜ್ವರದ ಏರಿಕೆ ಹಿಡಿಯುವುದು ಹೇಗೆ?

ತಾಲ್ಲೂಕು ಆಸ್ಪತ್ರೆಯ ನರ್ಸ್‌ಗಳಿಗೆ, ಡ್ಯೂಟಿ ಡಾಕ್ಟರ್‌ಗಳಿಗೆ ಇದು. ಡೆಂಗಿ ಏರುತ್ತಿದೆ ಅಂತ ಲ್ಯಾಬ್ ರಿಪೋರ್ಟ್ ಹೇಳುವ ಹೊತ್ತಿಗೆ ಎಷ್ಟೋ ಜ್ವರದವರು ಕ್ಯಾಶುವಾಲ್ಟಿಗೆ ಬಂದು ಹೋಗಿರುತ್ತಾರೆ. ಅವರನ್ನು ವಾರವಾರ ಎಣಿಸಿದರೆ ಸುಳಿವು ಬೇಗ ಸಿಗುತ್ತದೆ.

ಮೊದಲು, ರೋಗಿ ಬಂದ ತಕ್ಷಣ ಏನು ಹೇಳಿದರೋ ಅದನ್ನೇ ಬರೆಯಿರಿ. ಸುಮ್ನೆ 'ವೈರಲ್ ಫೀವರ್' ಅಂತ ಗೀಚಿದರೆ ಆಮೇಲೆ ಏನೂ ಗೊತ್ತಾಗುವುದಿಲ್ಲ. ಜ್ವರದ ಜೊತೆ ಕೆಮ್ಮು, ಜ್ವರದ ಜೊತೆ ಮೈಕೈ ನೋವು ಅಥವಾ ದದ್ದು, ವಾಂತಿ-ಭೇದಿ, ಉಸಿರಾಟದ ತೊಂದರೆ, ಇಷ್ಟು ಗುಂಪು ಸಾಕು. ವಯಸ್ಸು, ಊರು, ಜ್ವರ ಬಂದು ಎಷ್ಟು ದಿನವಾಯಿತು ಅನ್ನುವುದನ್ನು ಮಾತ್ರ ಬಿಡಬೇಡಿ.

ಸೋಮವಾರದಿಂದ ಭಾನುವಾರದವರೆಗೆ ಲೆಕ್ಕ ಹಾಕಿ. ಬರೀ ಸಂಖ್ಯೆ ನಂಬಬೇಡಿ, ಪಾಲು ನೋಡಿ. ಒಂದು ವಾರ 400 ಜನರಲ್ಲಿ 60 ಜ್ವರದವರು, ಮುಂದಿನ ವಾರ 600ರಲ್ಲಿ 72 ಅಂದುಕೊಳ್ಳಿ. ಸಂಖ್ಯೆ ಏರಿದೆ, ಆದರೆ ಪಾಲು ಶೇ 15ರಿಂದ 12ಕ್ಕೆ ಇಳಿದಿದೆ ಅಲ್ವಾ? ದೀಪಾವಳಿಯಂಥ ರಜೆಯಲ್ಲಿ ಓಪಿಡಿ ಮುಚ್ಚಿರುತ್ತದೆ, ಸಣ್ಣ ಜ್ವರದವರೂ ಇಲ್ಲಿಗೇ ಬರುತ್ತಾರೆ. ಹಾಗಾಗಿ ರಜೆ ಇದ್ದ ವಾರಕ್ಕೆ ಒಂದು ಗುರುತು ಹಾಕಿಡಿ.

ಹೋಲಿಕೆಗೆ ಹಿಂದಿನ ವರ್ಷಗಳ ಅದೇ ವಾರಗಳನ್ನು ತೆಗೆದುಕೊಳ್ಳಿ. ಜೂನ್ ಮಳೆಯ ವಾರವನ್ನು ಮೇ ಬಿಸಿಲಿನ ವಾರದ ಜೊತೆ ಇಟ್ಟು ನೋಡಿದರೆ ಪ್ರಯೋಜನವಿಲ್ಲ. ಇನ್ನೊಂದು ಎಚ್ಚರ: 2024ರಲ್ಲಿ ಡೆಂಗಿ ಎಷ್ಟು ಜಾಸ್ತಿ ಇತ್ತೆಂದರೆ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತು. ಆ ಒಂದೇ ವರ್ಷವನ್ನು ಅಳತೆಗೋಲು ಮಾಡಿಕೊಂಡರೆ ನಿಜವಾದ ಏರಿಕೆಯೂ ಕಡಿಮೆ ಅನ್ನಿಸಿಬಿಡುತ್ತದೆ. ಕೋವಿಡ್ ವರ್ಷಗಳೂ ಅಷ್ಟೇ. ಮಲೆನಾಡಿನವರು ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು.

ಜ್ವರದವರ ಪಾಲು ಎರಡು ವಾರ ಸತತ ಏರಿದರೆ ಊರಿನ ಕಾಲಂ ನೋಡಿ. ಆದರೆ ಒಂದೇ ಊರಿಂದ, ಒಂದೇ ಬೀದಿಯಿಂದ ಬರುತ್ತಿರುವುದು ಮೊದಲೇ ಕಂಡರೆ ಎರಡನೇ ವಾರ ಮುಗಿಯುವುದನ್ನೂ ಕಾಯಬೇಡಿ, ಅವತ್ತೇ ತಾಲ್ಲೂಕು ಆರೋಗ್ಯಾಧಿಕಾರಿಗೆ ಫೋನ್ ಮಾಡಿ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು 7ರಿಂದ 10 ದಿನ ಸಾಕು, ತಡ ಮಾಡಿದಷ್ಟೂ ಹೊಸ ಸೊಳ್ಳೆಗಳು ಬರುತ್ತವೆ. ರಕ್ತವನ್ನೂ ಪರೀಕ್ಷೆಗೆ ಕಳಿಸಿ: ಜ್ವರದ ಮೊದಲ ಐದು ದಿನದೊಳಗಾದರೆ ಎನ್‌ಎಸ್‌1 (ಡೆಂಗಿ ವೈರಸ್‌ನ ಪ್ರೋಟೀನ್ ಹುಡುಕುವ ಪರೀಕ್ಷೆ), ಆಮೇಲಾದರೆ ಐಜಿಎಂ (ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ಹುಡುಕುವ ಪರೀಕ್ಷೆ). ರೋಗಗಳ ಮೇಲೆ ನಿಗಾ ಇಡುವ ಸರ್ಕಾರದ ಐಎಚ್‌ಐಪಿ ಪೋರ್ಟಲ್‌ಗೆ ಹಾಕುವ ವರದಿ ಎಂದಿನಂತೆ ಹೋಗುತ್ತಲೇ ಇರಬೇಕು, ಈ ಎಣಿಕೆ ಅದರ ಬದಲಿಗೆ ಅಲ್ಲ.