ಐಫೋನ್ ರಿಂಗ್‌ಟೋನ್ ಪಟ್ಟಿಗೆ ಬಾರದ ಫೈಲ್: ನನ್ನ ಅನುಭವ

ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಧ್ವನಿಮುದ್ರಿಸಿಕೊಂಡ ಡೊಳ್ಳಿನ ಎಂಪಿ3 ಫೈಲನ್ನು ವಿಂಡೋಸ್ ಕಂಪ್ಯೂಟರಿನಲ್ಲಿರುವ ಆಪಲ್‌ನ ಐಟ್ಯೂನ್ಸ್ ತಂತ್ರಾಂಶದ ಮೂಲಕ ಐಫೋನಿಗೆ ಹಾಕಿದರೆ ಅದು ಹಾಡುಗಳ ಸಾಲಿನಲ್ಲಿ ಮಾತ್ರ ಕಾಣಿಸುತ್ತಿತ್ತು. ರಿಂಗ್‌ಟೋನ್ ಪಟ್ಟಿಗೆ ಬರುತ್ತಿರಲಿಲ್ಲ.

ಕೇಬಲ್ ಬದಲಿಸಿದ್ದು, ಫೋನ್ ಆರಿಸಿ ಹಚ್ಚಿದ್ದು ನಿಷ್ಪ್ರಯೋಜಕವಾಯಿತು. ಎಂಪಿ3ಯ ಹೆಸರಿನ ಕೊನೆಯನ್ನು ಐಫೋನ್ ರಿಂಗ್‌ಟೋನಿನ ಎಂ4ಆರ್ ಎಂದು ತಿದ್ದಿದರೂ ಸಾಲದು, ಏಕೆಂದರೆ ಎಂ4ಆರ್ ಎಂಬುದು ಎಎಸಿ (ಎಂಪಿ3ಗಿಂತ ಬೇರೆಯಾದ ಧ್ವನಿ ಸಂಕೋಚನ ವಿಧಾನ) ಧ್ವನಿಯಿರುವ ಎಂ4ಎ ಫೈಲೇ. ಎಂ4ಎಗೂ ಎಂ4ಆರ್‌ಗೂ ವ್ಯತ್ಯಾಸ ಹೆಸರಿನ ಬಾಲದಲ್ಲಷ್ಟೇ.

ಫಲ ಕೊಟ್ಟ ಕ್ರಮ ಹೀಗಿದೆ. ಐಟ್ಯೂನ್ಸ್‌ನ ಪ್ರಿಫರೆನ್ಸಸ್, ಜನರಲ್, ಇಂಪೋರ್ಟ್ ಸೆಟ್ಟಿಂಗ್ಸ್‌ನಲ್ಲಿ ಎಎಸಿ ಎನ್‌ಕೋಡರ್ ಆರಿಸಬೇಕು. ಹಾಡಿನ ಮಾಹಿತಿಯ ಆಪ್ಷನ್ಸ್‌ನಲ್ಲಿ ಸ್ಟಾರ್ಟ್ ಮತ್ತು ಸ್ಟಾಪ್ ಗುರುತಿಸಬೇಕು. ನನ್ನ ಧ್ವನಿಮುದ್ರಣದಲ್ಲಿ ಡೊಳ್ಳಿನ ಮೊದಲ ಪೆಟ್ಟು ಬೀಳುವುದಕ್ಕೆ ಮುಂಚೆ ಬರೀ ಜನರ ಗದ್ದಲವಿದ್ದುದರಿಂದ 0:12 ಮತ್ತು 0:40 ಕೊಟ್ಟೆ. ಅವಧಿ 30 ಸೆಕೆಂಡಿನೊಳಗಿದ್ದರೆ ತಕರಾರಿಲ್ಲ. ಬಳಿಕ ಫೈಲ್, ಕನ್ವರ್ಟ್, ಕ್ರಿಯೇಟ್ ಎಎಸಿ ವರ್ಷನ್ ಒತ್ತಿ, ಹುಟ್ಟಿದ ಚಿಕ್ಕ ಫೈಲನ್ನು ಡೆಸ್ಕ್‌ಟಾಪಿಗೆ ನಕಲಿಸಿ, ಐಟ್ಯೂನ್ಸ್‌ನಲ್ಲಿ ಉಳಿದ ಅದರ ಪ್ರತಿಯನ್ನು ಅಳಿಸಬೇಕು.

ನಿಜವಾದ ತೊಡಕು ಇರುವುದು ಹೆಸರು ಬದಲಿಸುವಲ್ಲಿ. ವಿಂಡೋಸ್ ಸಾಮಾನ್ಯವಾಗಿ ಫೈಲಿನ ಬಾಲವನ್ನು ಮರೆಮಾಡುವುದರಿಂದ ನಾವು ‘ಡೊಳ್ಳು.ಎಂ4ಆರ್’ ಎಂದು ಬರೆದರೂ ಅದು ಒಳಗೊಳಗೇ ‘ಡೊಳ್ಳು.ಎಂ4ಆರ್.ಎಂ4ಎ’ ಆಗಿಯೇ ಉಳಿಯುತ್ತದೆ. ಎಕ್ಸ್‌ಪ್ಲೋರರಿನ ವ್ಯೂ ಪಟ್ಟಿಯಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಗುರುತು ಹಾಕಿದ ನಂತರವೇ ಕೊನೆಯ ‘ಎ’ಯನ್ನು ‘ಆರ್’ ಮಾಡಬೇಕು. ಹೀಗೆ ತಿದ್ದಿದ ಫೈಲನ್ನು ಕೇಬಲ್ ಜೋಡಿಸಿದ ಫೋನಿನ ಹೆಸರಿನ ಕೆಳಗಿರುವ ಟೋನ್ಸ್ ಮೇಲೆ ಎಳೆದು ಬಿಟ್ಟರೆ ಸೆಟ್ಟಿಂಗ್ಸ್‌ನ ರಿಂಗ್‌ಟೋನ್ ಪಟ್ಟಿಯಲ್ಲಿ ಅದು ಕಾಣಿಸುತ್ತದೆ. ಮೂಲ ಹಾಡಿನ ಸ್ಟಾರ್ಟ್, ಸ್ಟಾಪ್ ಗುರುತುಗಳನ್ನು ತೆಗೆಯದಿದ್ದರೆ ಅದೂ ತುಂಡಾಗಿಯೇ ನುಡಿಯುತ್ತದೆ.