ಸೆಟ್ಟರ್‌ನಿಂದ ಪ್ರೋಗ್ರಾಮರ್: ಪೀಣ್ಯ ಬಿಟ್ಟಾಗ ನಾನು ಹಾಕಿದ ಲೆಕ್ಕ

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಸಣ್ಣ ಟೂಲ್‌ರೂಮುಗಳಲ್ಲಿ (ಅಚ್ಚು, ಉಪಕರಣ ಮಾಡುವ ಶಾಪ್‌ಗಳಲ್ಲಿ) ಬಡ್ತಿಗೆ ಮೆಟ್ಟಿಲೇ ಕಡಿಮೆ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮೆಷಿನ್ ನಡೆಸುವ ಆಪರೇಟರ್, ಅದನ್ನು ಕೆಲಸಕ್ಕೆ ಅಣಿ ಮಾಡುವ ಸೆಟ್ಟರ್, ಅದಕ್ಕೆ ಪ್ರೋಗ್ರಾಂ ಬರೆಯುವ ಪ್ರೋಗ್ರಾಮರ್, ಅದರ ಮೇಲೆ ಮಾಲೀಕರೇ. ಸರ್ಕಾರಿ ಟೂಲ್‌ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಡಿಪ್ಲೊಮಾ ಮುಗಿಸಿ ನಾನು ಸೇರಿದ ಶಾಪ್‌ನಲ್ಲಿ ಇಪ್ಪತ್ತು ಜನ ಇದ್ದೆವು, ಪ್ರೋಗ್ರಾಮರ್ ಮಾತ್ರ ಒಬ್ಬರೇ. ಮೆಷಿನ್‌ಗೆ ಜಾಬ್ ಕಟ್ಟುವುದು, ಆಫ್‌ಸೆಟ್ (ಟೂಲ್ ಮತ್ತು ಜಾಬಿನ ಅಳತೆ) ಹಾಕುವುದು, ಮೊದಲ ಪೀಸ್ ಪಾಸ್ ಮಾಡಿಸುವುದು ಎರಡು ಮೂರು ವರ್ಷದಲ್ಲಿ ಕೈಗೆ ಹತ್ತಿತು. ಊಟದ ಹೊತ್ತಿನಲ್ಲಿ ಪ್ರೋಗ್ರಾಮರ್ ಪಕ್ಕ ಕೂತು ಕ್ಯಾಮ್ (ಮೆಷಿನ್‌ಗೆ ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್) ಕಲಿತೆ. ಕಲಿಸಿದವರೇ ಒಂದು ದಿನ ಹೇಳಿಬಿಟ್ಟರು: "ನಾನಂತೂ ಇಲ್ಲೇ ರಿಟೈರ್ ಆಗೋನು ಕಣಪ್ಪ. ನನ್ನ ಸೀಟಿಗೆ ಕಾಯ್ತಾ ಕೂತ್ರೆ ನಿನ್ನ ತಲೆನೂ ಬೆಳ್ಳಗಾಗುತ್ತೆ."

ಕೆಲಸ ಬಿಡಬೇಕೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಸಂಬಳ ಕೇಳುವುದಿಲ್ಲ. ನಿಮ್ಮ ಮೇಲಿನ ಸೀಟಿನಲ್ಲಿ ಯಾರಿದ್ದಾರೆ, ಅವರು ಯಾವಾಗ ಏಳುತ್ತಾರೆ ಎಂದು ಕೇಳುತ್ತೇನೆ.

ಆಗ ನನ್ನ ಕೈಯಲ್ಲಿ ಎರಡು ಆಫರ್ ಇದ್ದವು. ಆಟೋ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ 32,000, ಅದೇ ಸೆಟ್ಟರ್ ಕೆಲಸ, ಮೂರು ಶಿಫ್ಟ್, ವರ್ಷವಿಡೀ ಒಂದೇ ಪಾರ್ಟ್. ದೇವನಹಳ್ಳಿ ಕಡೆಯ ಏರೋಸ್ಪೇಸ್ ಕಾರ್ಖಾನೆಯಲ್ಲಿ 29,000, ಜೂನಿಯರ್ ಪ್ರೋಗ್ರಾಮರ್, ಫೈವ್ ಆಕ್ಸಿಸ್ (ಐದು ಅಕ್ಷಗಳಲ್ಲಿ ಚಲಿಸುವ) ಮೆಷಿನ್. ಮೂರು ಸಾವಿರ ಬಿಟ್ಟು ಎರಡನೆಯದನ್ನೇ ಒಪ್ಪಿದೆ. ಮನೆಯಲ್ಲಿ ಬೈಸಿಕೊಂಡೆ, ಅದು ಬೇರೆ ಮಾತು. ಆದರೆ ಫೈವ್ ಆಕ್ಸಿಸ್ ಮುಟ್ಟಿದವನಿಗೆ ಮುಂದಿನ ಇಂಟರ್‌ವ್ಯೂನಲ್ಲಿ ಕೇಳುವ ಪ್ರಶ್ನೆಗಳೇ ಬೇರೆಯಾಗಿರುತ್ತವೆ.

ಯಾವಾಗ ಬಿಡುವುದು ಎಂಬುದನ್ನು ಗ್ರಾಚ್ಯುಟಿ (ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟು) ತೀರ್ಮಾನಿಸಿತು. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಐದು ವರ್ಷ ತುಂಬಿದರೆ ಅದು ನಮ್ಮ ಹಕ್ಕು. ಕೊನೆಯ ತಿಂಗಳ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಬೇಕು. ಆ ಎರಡೂ ಸೇರಿ ನನಗಿದ್ದ 18,000ಕ್ಕೆ ಸುಮಾರು 52,000 ಬರುತ್ತಿತ್ತು. ಐದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿ. ಹೊಸ ಕಂಪನಿಯವರ ಹತ್ತಿರ ಸೇರುವ ದಿನ ಮುಂದಕ್ಕೆ ಹಾಕಿಸಿಕೊಂಡೆ. ಒಳ್ಳೆಯ ಕೆಲಸಗಾರ ಬೇಕಾದವರು ಅಷ್ಟು ಕಾಯುತ್ತಾರೆ. (2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಯ ಕರಾರಿನವರಿಗೆ ಒಂದು ವರ್ಷ ಸಾಕು, ಕಾಯಂ ಇರುವವರಿಗೆ ಐದೇ.)

ನಮ್ಮಂಥವರು ಹೆಚ್ಚಾಗಿ ಮರೆಯುವುದು ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ). ತಿಂಗಳ ಸಂಬಳ 21,000ದ ಒಳಗಿದ್ದರೆ ಮಾತ್ರ ಅದು. ನನಗೆ ಹಳೆಯ ಕಡೆ 20,500 ಬರುತ್ತಿತ್ತು. ಅಮ್ಮನ ಸಕ್ಕರೆ ಕಾಯಿಲೆಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲೇ ತೋರಿಸುತ್ತಿದ್ದೆವು, ಔಷಧಿಯೂ ಅಲ್ಲೇ. 29,000ಕ್ಕೆ ಹೋದರೆ ಆ ಕಾರ್ಡ್ ಹೆಚ್ಚು ದಿನ ನಡೆಯುವುದಿಲ್ಲ. ಹೊಸ ಕಂಪನಿಯ ಇನ್ಶೂರೆನ್ಸ್‌ನಲ್ಲಿ ಹೆಂಡತಿ ಮಕ್ಕಳಿದ್ದರು, ತಂದೆ ತಾಯಿ ಇರಲಿಲ್ಲ. ಅದರಲ್ಲೂ ಅಡ್ಮಿಟ್ ಆದರಷ್ಟೇ ದುಡ್ಡು, ತಿಂಗಳ ಮಾತ್ರೆಗೆ ಇಲ್ಲ. ಆಫರ್‌ಗೆ ಸಹಿ ಹಾಕುವ ಮುಂಚೆ ಎಚ್‌ಆರ್ ಮೇಡಂ ಹತ್ತಿರ ಕೂತು, ಪ್ರೀಮಿಯಂ ನಾನೇ ಕಟ್ಟುತ್ತೇನೆಂದು ಹೇಳಿ ಅಮ್ಮನನ್ನು ಸೇರಿಸಿಕೊಂಡೆ. ಮಾತ್ರೆ ಮತ್ತು ಪ್ರೀಮಿಯಂ ಕಳೆದರೆ ಏರಿಕೆ ಎಂಟೂವರೆ ಸಾವಿರವಲ್ಲ, ಐದರ ಆಸುಪಾಸು. ಕಾಗದದ ಮೇಲೆ ಅದನ್ನು ಕಂಡ ಮೇಲೂ ಹೋಗಬೇಕು ಅನ್ನಿಸಿತು, ಹಾಗಾಗಿ ಹೋದೆ.

ರಾಜೀನಾಮೆ ಕೊಟ್ಟಾಗ ಮಾಲೀಕರು ನಾಲ್ಕು ಸಾವಿರ ಏರಿಸುತ್ತೇನೆ ಅಂದರು. ಪ್ರೋಗ್ರಾಮಿಂಗ್ ಕೊಡ್ತೀರಾ ಸಾರ್ ಅಂದೆ. "ನೋಡೋಣ" ಅಂದರು. ಅವರು ಕೆಟ್ಟವರಲ್ಲ, ಕೊಡಲು ಇನ್ನೊಂದು ಸೀಟೇ ಇರಲಿಲ್ಲ. ನೋಟಿಸ್ ತಿಂಗಳಲ್ಲಿ ಹೊಸ ಹುಡುಗನಿಗೆ ಎಲ್ಲ ಫಿಕ್ಸ್ಚರ್ (ಜಾಬ್ ಹಿಡಿದಿಡುವ ಸಾಧನ) ತೋರಿಸಿಕೊಟ್ಟೆ.

ಪಿಎಫ್ ಬಗ್ಗೆ ಒಂದು ಮಾತು. ಕೆಲಸ ಬಿಟ್ಟಾಗಲೆಲ್ಲ ತೆಗೆದು ಖರ್ಚು ಮಾಡುವುದು ಪೀಣ್ಯದಲ್ಲಿ ರೂಢಿ. ನಾನು ಅದೇ ಯುಎಎನ್‌ಗೆ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ವರ್ಗಾಯಿಸಿಕೊಂಡೆ. ಹತ್ತು ವರ್ಷದ ಸೇವೆ ಸೇರಿದರೆ ತಾನೇ ಪಿಂಚಣಿ! ಹಳೆಯ ಕಂಪನಿಯವರು ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ತಾರೀಕು ಹಾಕದಿದ್ದರೆ ವರ್ಗಾವಣೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಅದನ್ನು ನಾವೇ ಹಾಕಿಕೊಳ್ಳಬಹುದು, ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿರಬೇಕು ಅಷ್ಟೇ.